ಔಷಧ ಉಗ್ರಾಣ, ಲಸಿಕೆ ಸ್ಟೋರ್ ನೋಡ್ಕೊಳ್ಳೋರಿಗೆ ಕೊಟ್ಟ ನಾಯಕತ್ವ ತರಬೇತಿಯಿಂದ ಉಪಯೋಗ ಆಯ್ತಾ ಅಂತ ಅಳೆಯೋದು ಹೇಗೆ?

ಲೆಕ್ಕದಪುಟ
ಎಲ್ಲರಿಗೂ ನಮಸ್ಕಾರ. ನಾನಿರೋದು ಒಂದು ಸಣ್ಣ ಸಂಶೋಧನಾ ತಂಡದಲ್ಲಿ. ಕೆಲವು ಜಿಲ್ಲೆಗಳ ಔಷಧ ಉಗ್ರಾಣದ ಫಾರ್ಮಸಿ ಅಧಿಕಾರಿಗಳು, ಜಿಲ್ಲಾ ಲಸಿಕೆ ಸ್ಟೋರ್ ನೋಡ್ಕೊಳ್ಳೋರು, ಕೋಲ್ಡ್ ಚೈನ್ ಟೆಕ್ನಿಷಿಯನ್‌ಗಳು, ಇವರಿಗೆಲ್ಲ ಹೋದ ವರ್ಷ ನಾಯಕತ್ವ ತರಬೇತಿ ಆಗಿದೆ. ದಾಸ್ತಾನು ಲೆಕ್ಕ, ಇಂಡೆಂಟ್ (ಬೇಕಾದ ಔಷಧಿಗಳ ಬೇಡಿಕೆ ಪಟ್ಟಿ) ಹಾಕೋದು ಇವೆಲ್ಲ ಅದರಲ್ಲಿರಲಿಲ್ಲ. ತಂಡ ನಡೆಸೋದು, ಮೇಲಿನವರ ಹತ್ರ ಮಾತಾಡೋದು, ಸಮಸ್ಯೆ ಬಿಡಿಸೋದು, ಬದಲಾವಣೆ ತರೋದು, ಈ ಥರದ್ದು.

ಇದರಿಂದ ಏನಾಯ್ತು ಅಂತ ವರದಿ ಬರೆಯೋ ಕೆಲಸ ನಮ್ಮ ಪಾಲಿಗೆ ಬಂದಿದೆ. ಕೈಲಿರೋದು ಎರಡೇ: ಕೊನೇ ದಿನ ತುಂಬಿಸಿಕೊಂಡ ಅಭಿಪ್ರಾಯ ಫಾರ್ಮು (ಎಲ್ಲರೂ "ಅತ್ಯುತ್ತಮ"ಕ್ಕೆ ಟಿಕ್ ಹಾಕಿದ್ದಾರೆ), ಮತ್ತೆ ತರಬೇತಿಗೆ ಮುಂಚೆ ಒಂದು, ಆದಮೇಲೆ ಒಂದು ಬರೆಸಿದ ಪರೀಕ್ಷೆ. ಇಷ್ಟನ್ನೇ ಇಟ್ಕೊಂಡು "ತರಬೇತಿ ಯಶಸ್ವಿ" ಅಂತ ಬರೆಯೋಕೆ ಮನಸ್ಸು ಒಪ್ತಿಲ್ಲ. ಇಲ್ಲಿ ಇಲಾಖೆಯವರೂ ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ಯಾವುದನ್ನ ನೋಡಿದರೆ ನಿಜ ಗೊತ್ತಾಗುತ್ತೆ?

ಬಯಲುಸೀಮೆ_ಫಾರ್ಮಸಿ
ಆ ಫಾರ್ಮು ಪ್ರಯಾಣ ಭತ್ಯೆ ಬಿಲ್ಲಿನ ಜೊತೇಲೇ ಕೊಟ್ಟಿರ್ತಾರೆ. "ಅತ್ಯುತ್ತಮ" ಅಂತ ಹಾಕದೆ ಇನ್ನೇನು ಹಾಕ್ತೀರಿ?

ಗಡಿನಾಡ_ವೈದ್ಯೆ
ಲೆಕ್ಕದಪುಟ ಅವರೇ, ನಿಮ್ಮ ಕೈಲಿರೋದು ಎರಡು ಮೆಟ್ಟಿಲು ಮಾತ್ರ. ತರಬೇತಿಯ ಫಲ ಅಳೆಯೋಕೆ 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಹಾಕಿಕೊಟ್ಟ ಲೆಕ್ಕದಲ್ಲಿ ನಾಲ್ಕಿದೆ. ಬಂದವರಿಗೆ ಇಷ್ಟ ಆಯ್ತಾ, ಕಲಿತರಾ, ವಾಪಸ್ ಹೋಗಿ ಕೆಲಸದ ರೀತಿ ಬದಲಾಯ್ತಾ, ಅದರಿಂದ ಫಲ ಏನು. ಮೊದಲೆರಡು ತರಬೇತಿ ಹಾಲ್‌ನಲ್ಲೇ ಸಿಗುತ್ತೆ, ಖರ್ಚಿಲ್ಲ, ಹಾಗಾಗಿ ಎಲ್ಲರೂ ಅಲ್ಲಿಗೇ ನಿಲ್ಲಿಸ್ತಾರೆ. ಮೂರನೇದಕ್ಕೆ ಆರು ತಿಂಗಳೋ ವರ್ಷವೋ ಬಿಟ್ಟು ಉಗ್ರಾಣಕ್ಕೇ ಹೋಗಿ ನೋಡಬೇಕು. ನಿಮಗೆ ಹೇಗೂ ವರ್ಷ ಕಳೆದಿದೆ, ಒಳ್ಳೇದೇ ಆಯ್ತು. ಹೋಗಿ.

ಗಂಡುಮೆಟ್ಟಿನ_ಮಂದಿ
ಅಲ್ರೀ, ಹೋಗೋದೇನೋ ಹೋಗ್ರಿ, ಆದ್ರ ತರಬೇತಿ ತಗೊಂಡಾವ ಅದೇ ಕುರ್ಚಿ ಮ್ಯಾಲ ಅದಾನೋ ಇಲ್ಲೋ ಮೊದ್ಲ ನೋಡ್ರಿ. ನಮ್ಮ ಕಡೆ ಸರ್ಟಿಫಿಕೇಟ್ ಕೈಗೆ ಬರೋದ್ರಾಗ ವರ್ಗಾವಣಿ ಆರ್ಡರ್ ಬಂದಿತ್ತು. ಉಗ್ರಾಣಕ್ಕ ಹೊಸಬ ಬಂದ, ಅವಂಗ ತರಬೇತಿ ಇಲ್ಲ. ಹಳಬ ಹೋಗಿದ್ದು ಎಲ್ಲಿಗೆ? ಉಗ್ರಾಣನ ಇಲ್ಲದ ಜಾಗಾಕ್ಕ. ಈಗ ಇದನ್ನ ಯಾವ ಮೆಟ್ಟಲಾಗ ಕೂಡಸ್ತೀರಿ ಮೇಡಂ?

ಗಡಿನಾಡ_ವೈದ್ಯೆ
ಅದೂ ಒಂದು ಫಲಿತಾಂಶವೇ ರೀ! ವರ್ಷ ಕಳೆದ ಮೇಲೆ ಎಷ್ಟು ಜನ ಅದೇ ಕೆಲಸದಲ್ಲಿ ಉಳಿದಿದ್ದಾರೆ ಅನ್ನೋದೇ ವರದಿಯ ಮೊದಲ ಕೋಷ್ಟಕ ಆಗಬೇಕು. ಯಾರೂ ಹಾಕೋದಿಲ್ಲ ಅಷ್ಟೇ.

ಸಹಿ_ಮೊಹರು
ಅದಕ್ಕೂ ಮುಂಚೆ ಇನ್ನೊಂದು ಕೋಷ್ಟಕ ಬೇಕು, ಕಳಿಸಿದ್ದು ಯಾರನ್ನ ಅಂತ. ಕೆಲಸ ಮಾಡೋನನ್ನ ಆಫೀಸು ಬಿಡಲ್ಲ, "ನೀನು ಹೋದ್ರೆ ಸ್ಟೋರ್ ಯಾರು ನೋಡ್ತಾರೆ" ಅಂತಾರೆ. ಹೋಗೋದು ಬಿಡುವಾಗಿರೋರು. ವರ್ಷಕ್ಕೆ ನಾಲ್ಕು ತರಬೇತಿಗೆ ಒಬ್ಬನೇ ಹೋಗಿರೋದನ್ನೂ ನೋಡಿದ್ದೀನಿ.

ಐಸ್‌ಪ್ಯಾಕ್
ನಾನು ಲಸಿಕೆ ಕಡೆಯವನು. ತರಬೇತಿ ದಂಡ ಅಂತ ಎಲ್ಲರೂ ಶುರು ಹಚ್ಚೋ ಮುಂಚೆ ನಮ್ಮ ಕಡೆ ಕಂಡದ್ದನ್ನ ಹೇಳ್ತೀನಿ.

ಐಎಲ್‌ಆರ್ (ಲಸಿಕೆ ಇಡೋ ವಿಶೇಷ ಫ್ರಿಜ್) ಒಳಗೆ ತಾಪಮಾನ 2ರಿಂದ 8 ಡಿಗ್ರಿ ಒಳಗೇ ಇರಬೇಕು ಅನ್ನೋದು ಎಲ್ಲರಿಗೂ ಗೊತ್ತು. ಇವಿನ್ (ಲಸಿಕೆ ದಾಸ್ತಾನು, ತಾಪಮಾನ ನೋಡ್ಕೊಳ್ಳೋ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಬಂದಮೇಲೆ ಒಳಗಿರೋ ತಾಪಮಾನ ಲಾಗರ್ ತಾನೇ ಮೊಬೈಲ್‌ಗೆ ಮೆಸೇಜ್ ಕಳಿಸುತ್ತೆ. ಸರಿ, ರಾತ್ರಿ ಎರಡು ಗಂಟೆಗೆ ಮೆಸೇಜ್ ಬರುತ್ತೆ, ಆಮೇಲೆ? ಆಸ್ಪತ್ರೆಗೆ ಬೀಗ. ಕೀಲಿ ಒಬ್ಬರ ಹತ್ರ, ಜನರೇಟರ್ ಗೊತ್ತಿರೋದು ಇನ್ನೊಬ್ಬರಿಗೆ, ಅವರ ಫೋನು ಸ್ವಿಚ್ಡ್ ಆಫ್. ನಮ್ಮ ಸ್ಟೋರ್‌ನವರು ತರಬೇತಿ ಮುಗಿಸಿ ಬಂದವರು ಐಎಲ್‌ಆರ್ ಮುಚ್ಚಳದ ಮೇಲೆ ಒಂದು ಹಾಳೆ ಅಂಟಿಸಿದರು. ಕರೆಂಟ್ ಹೋದರೆ ಮೊದಲು ಯಾರಿಗೆ ಫೋನ್, ಅವರು ಎತ್ತದಿದ್ದರೆ ಯಾರಿಗೆ, ಎರಡನೇ ಕೀಲಿ ಯಾರ ಮನೇಲಿ, ಲಸಿಕೆ ಸಾಗಿಸಬೇಕಾದರೆ ಹತ್ತಿರದ ಯಾವ ಪಿಎಚ್‌ಸಿಯಲ್ಲಿ ಜಾಗ ಇದೆ. ಆ ಪಿಎಚ್‌ಸಿ ಡಾಕ್ಟರನ್ನ ಮೊದಲೇ ಕೇಳಿ ಒಪ್ಪಿಸಿಕೊಂಡು ಬರೆದದ್ದು. ಅದೇ ಮಳೆಗಾಲದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಲಸಿಕೆ ಬೆಳಗಾಗೋದ್ರೊಳಗೆ ಪಕ್ಕದ ಊರಲ್ಲಿತ್ತು. ಒಂದು ವಯಲ್ ಹಾಳಾಗಲಿಲ್ಲ.

ಲೆಕ್ಕದಪುಟ ಸರ್, ನೀವು ಹೋದಾಗ ಇಂಥ ಹಾಳೆ ಇದೆಯಾ ನೋಡಿ. ಇದ್ದರೆ ಅದರಲ್ಲಿರೋ ನಂಬರಿಗೆ ಅಲ್ಲೇ ಫೋನ್ ಹಚ್ಚಿ.

ತರ್ಕಬದ್ಧ
ಒಳ್ಳೆ ಕಥೆ. ಆದರೆ ಇದು ತರಬೇತಿಯಿಂದ ಆದದ್ದು ಅನ್ನೋಕೆ ಆಧಾರ? ಅವರು ಮುಂಚಿನಿಂದಲೂ ಚುರುಕಾಗಿದ್ದಿರಬಹುದು. ಇವಿನ್ ಮೆಸೇಜ್ ಮೇಲಿನವರಿಗೂ ಹೋಗುತ್ತೆ ಅನ್ನೋ ಭಯ ಇದ್ದಿರಬಹುದು.

ಐಸ್‌ಪ್ಯಾಕ್
ಭಯ ಎಲ್ಲಾ ಜಿಲ್ಲೆಗೂ ಒಂದೇ ಅಲ್ವಾ ಸ್ವಾಮಿ? ಹಾಳೆ ಮಾತ್ರ ಇವರೊಬ್ಬರೇ ಅಂಟಿಸಿದ್ದು.

ತರ್ಕಬದ್ಧ
ಅದಕ್ಕೇ ಹೇಳ್ತಿರೋದು, ಹೋಲಿಕೆಗೆ ಜಿಲ್ಲೆ ಬೇಕು ಅಂತ. ತರಬೇತಿ ಆಗದ ಜಿಲ್ಲೆಗಳ ಅದೇ ತಿಂಗಳುಗಳ ದಾಸ್ತಾನು ಪಕ್ಕದಲ್ಲಿಡಿ. ಇನ್ನೊಂದು ಗುಂಡಿ ಇದೆ ಇಲ್ಲಿ. ಸಾಮಾನ್ಯವಾಗಿ ತೀರಾ ಹಿಂದೆ ಬಿದ್ದ ಜಿಲ್ಲೆಗಳನ್ನೇ ತರಬೇತಿಗೆ ಆರಿಸ್ತಾರೆ. ಕೆಟ್ಟ ವರ್ಷದ ಮುಂದಿನ ವರ್ಷ ಏನೂ ಮಾಡದೇ ಇದ್ದರೂ ಸ್ವಲ್ಪ ಸುಧಾರಿಸಿದ ಹಾಗೆ ಕಾಣುತ್ತೆ, ಅದು ಸಂಖ್ಯಾಶಾಸ್ತ್ರದ ಸಹಜ ಗುಣ. ಅದನ್ನ ತರಬೇತಿ ಖಾತೆಗೆ ಜಮಾ ಮಾಡಿಬಿಟ್ಟರೆ ಮುಗೀತು. ಮುಂದಿನ ಬ್ಯಾಚಿಗೆ ಕಾಯ್ತಿರೋ ಜಿಲ್ಲೆಗಳಿದ್ದರೆ ಅವೇ ಒಳ್ಳೆ ಹೋಲಿಕೆ, ಯಾಕಂದ್ರೆ ಅವೂ ಅದೇ ಪಟ್ಟಿಯಿಂದ ಬಂದಿರ್ತವೆ.

ಋತುಮಾನವನ್ನೂ ಮರೀಬೇಡಿ. ಬೇಸಿಗೆಯ ಲೆಕ್ಕ ತಗೊಂಡು ಡೆಂಗಿ ತಿಂಗಳಿನ ಜೊತೆ ಹೋಲಿಸಿದರೆ ಅರ್ಥ ಇಲ್ಲ. ಹೋದ ವರ್ಷದ ಜುಲೈಗೆ ಈ ವರ್ಷದ ಜುಲೈ.

ಲೆಕ್ಕದಪುಟ
ಎರಡನೇ ಬ್ಯಾಚಿಗೆ ಜಿಲ್ಲೆಗಳಿವೆ! ಇದು ಹೊಳೆದಿರಲಿಲ್ಲ, ಧನ್ಯವಾದ. ಹಾಗಾದ್ರೆ ಔಷಧಿ ಖಾಲಿಯಾದ ದಿನಗಳನ್ನ ಮುಖ್ಯ ಅಳತೆ ಅಂತ ಇಟ್ಕೊಳ್ಳಲಾ? ಸಾಫ್ಟ್‌ವೇರ್‌ನಿಂದಲೇ ತೆಗೀಬಹುದು.

ಮಲೆನಾಡ_ಕಂಪೌಂಡರ್
ದಯವಿಟ್ಟು ಬೇಡ. ಕಾರಣ ಹೇಳ್ತೀನಿ, ಕೂತ್ಕೊಳಿ.

ಕಂಪ್ಯೂಟರ್‌ನಲ್ಲಿ ಔಷಧಿ "ಖಾಲಿ" ಅಂತ ಬಂದರೆ ಮೀಟಿಂಗ್‌ನಲ್ಲಿ ಎಬ್ಬಿಸಿ ನಿಲ್ಲಿಸ್ತಾರೆ. ಹಾಗಾಗಿ ಕೊನೇ ಒಂದು ಸ್ಟ್ರಿಪ್ ಯಾರೂ ಮುಟ್ಟಲ್ಲ. ಡ್ರಾಯರ್ ಮೂಲೇಲಿ ಹತ್ತು ಮೆಟ್‌ಫಾರ್ಮಿನ್ ಮಾತ್ರೆ ಕೂತಿರ್ತವೆ, ಶುಗರ್ ಪೇಶೆಂಟಿಗೆ ಚೀಟಿ ಬರೆದು ಹೊರಗಿನ ಅಂಗಡಿಗೆ ಕಳಿಸ್ತಾರೆ. ಲೆಕ್ಕದಲ್ಲಿ ದಾಸ್ತಾನಿದೆ. ಇನ್ನೊಂದು ಕಡೆ ಆರೋಗ್ಯ ರಕ್ಷಾ ಸಮಿತಿ ದುಡ್ಡಲ್ಲಿ ಸ್ಥಳೀಯವಾಗಿ ಕೊಂಡು ಕೊಡ್ತಾರೆ, ಅದು ಸಾಫ್ಟ್‌ವೇರ್‌ಗೆ ಹತ್ತೋದೇ ಇಲ್ಲ. ಆಗ ಒಳ್ಳೆ ಕೆಲಸ ಮಾಡಿದವನ ಲೆಕ್ಕ "ಖಾಲಿ" ಅಂತ, ಕೆಟ್ಟದು ಮಾಡಿದವನ ಲೆಕ್ಕ "ಇದೆ" ಅಂತ.

ತಮಾಷೆ ಏನಂದ್ರೆ, ತರಬೇತಿ ನಿಜವಾಗಿ ಫಲ ಕೊಟ್ಟರೆ ಮೊದಲ ಕೆಲವು ತಿಂಗಳು "ಖಾಲಿ" ಜಾಸ್ತಿ ಆಗಬೇಕು! ಯಾಕಂದ್ರೆ ಸುಳ್ಳು ಬರೆಯೋದು ನಿಂತಿರುತ್ತೆ. ನೀವು ಅದನ್ನ ನೋಡಿ "ತರಬೇತಿ ವಿಫಲ" ಅಂತ ಬರೀತೀರಿ.

ಗಂಡುಮೆಟ್ಟಿನ_ಮಂದಿ
ಖರೇ ಮಾತು ಹೇಳಿದ್ರಿ ಅಣ್ಣಾ.

ಗಡಿನಾಡ_ವೈದ್ಯೆ
ಇದಕ್ಕೆ ದಾರಿ ಇದೆ. ಸಾಫ್ಟ್‌ವೇರ್ ಲೆಕ್ಕ ಒಂದು ಕೈಲಿ, ಕಪಾಟಿನಲ್ಲಿ ಎಣಿಸಿದ್ದು ಇನ್ನೊಂದು ಕೈಲಿ. ಎರಡಕ್ಕೂ ಇರೋ ವ್ಯತ್ಯಾಸವೇ ಅಳತೆ. ಹತ್ತು ಔಷಧಿ ಆರಿಸಿ ಸಾಕು: ಬಿಪಿ, ಶುಗರ್, ಓಆರ್‌ಎಸ್, ಆಕ್ಸಿಟೋಸಿನ್, ಹುಚ್ಚುನಾಯಿ ಲಸಿಕೆ, ಹಾವು ಕಡಿತದ್ದು… ಜೊತೆಗೆ ಒಪಿಡಿ ಹೊರಗೆ ನಿಂತು ಚೀಟಿ ಹಿಡಿದು ಬರೋರನ್ನ ಕೇಳಿ, ಬರೆದುಕೊಟ್ಟದ್ದರಲ್ಲಿ ಒಳಗೆ ಎಷ್ಟು ಸಿಕ್ತು ಅಂತ. ಅದು ಸುಳ್ಳು ಹೇಳಲ್ಲ.

ಕಡಲತಡಿ
ಮಾರಾಯ್ರೇ, ಎಲ್ಲಾ ಸರಿ. ಆ ತರಬೇತಿಯಲ್ಲಿ ಮಾಡಿಸುವ ಆಟಗಳ ಬಗ್ಗೆ ಯಾರಾದರೂ ಹೇಳಿ. ನಮ್ಮಲ್ಲಿ ಬಲೂನ್ ಊದಿಸಿದ್ದರು. ನಿವೃತ್ತಿಗೆ ವರ್ಷ ಉಳಿದಿದ್ದ ಸೂಪರಿಂಟೆಂಡೆಂಟ್ ಬಲೂನ್ ಹಿಡಿದು ಓಡುವುದನ್ನು ನೋಡಲಿಕ್ಕೆ ಉಂಟು!

ಬಯಲುಸೀಮೆ_ಫಾರ್ಮಸಿ
ನಮ್ಮಲ್ಲಿ ಪೇಪರ್ ಕಪ್ ಗೋಪುರ. ಗೆದ್ದ ತಂಡಕ್ಕೆ ಚಾಕಲೇಟ್. ಆಮೇಲೆ ಬಿಸಿಬೇಳೆಬಾತ್. ಬಾತ್ ಚೆನ್ನಾಗಿತ್ತು, ಆ ಕ್ರೆಡಿಟ್ ಕೊಡಲೇಬೇಕು.

ಸಹಿ_ಮೊಹರು
ಬ್ಯಾಗು ಕೊಟ್ರಾ? ನಮಗೆ ಕೊಟ್ಟ ಬ್ಯಾಗಿನ ಜಿಪ್ ಬಸ್‌ಸ್ಟ್ಯಾಂಡ್ ತಲುಪೋದ್ರೊಳಗೆ ಕಿತ್ತು ಬಂತು.

ದೂರದ_ಕನ್ನಡಿಗ
ನಾನು ಆಫ್ರಿಕಾದಲ್ಲಿ ಇದೇ ಕ್ಷೇತ್ರದಲ್ಲಿದ್ದೀನಿ. ಆಟದ ವಿಷಯ ಬಂದದ್ದಕ್ಕೆ ಹೇಳ್ತೀನಿ, ಅಲ್ಲೂ ಅದೇ ದೂರು ಇತ್ತು. ಆಮೇಲೆ ಬಂದ ಸ್ಟೆಪ್ 2.0 ಅನ್ನೋ ಕಾರ್ಯಕ್ರಮ ಆರೋಗ್ಯ ಸರಬರಾಜು ನೋಡ್ಕೊಳ್ಳೋ ಅಧಿಕಾರಿಗಳಿಗೇ ಅಂತ ಮಾಡಿದ್ದು, ಪೀಪಲ್ ದಟ್ ಡೆಲಿವರ್, ಗಾವಿ, ಗ್ಲೋಬಲ್ ಫಂಡ್ ಅನ್ನೋ ಅಂತರರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಇದರ ಹಿಂದೆ ಇದ್ದಾವೆ. ಮೊದಲು ತಾವಾಗಿಯೇ ಆನ್‌ಲೈನ್‌ನಲ್ಲಿ ಓದಬೇಕು, ಆಮೇಲೆ ಎದುರುಬದುರು ಕೂತು ಕಾರ್ಯಾಗಾರ, ಅದಾದಮೇಲೆ ತಮ್ಮದೇ ಕೆಲಸದ ಜಾಗದ ಒಂದು ಸಮಸ್ಯೆ ಎತ್ತಿಕೊಂಡು ತಿಂಗಳುಗಟ್ಟಲೆ ಅದನ್ನ ಬಗೆಹರಿಸಬೇಕು. ಬೆನ್ನಿಗೆ ಒಬ್ಬ ಮಾರ್ಗದರ್ಶಕ ಇರ್ತಾರೆ, ಎಷ್ಟೋ ಸಲ ಖಾಸಗಿ ಕಂಪನಿಯ ಅನುಭವಸ್ಥರು. ಮೌಲ್ಯಮಾಪನ ಮಾಡೋರಿಗೆ ಇದು ವರದಾನ. ಆ ಸಮಸ್ಯೆ ಬಗೆಹರಿದಿದೆಯಾ ಇಲ್ಲವಾ ಅಂತ ನೇರವಾಗಿ ಕೇಳಬಹುದು. ನಿಮ್ಮ ತರಬೇತಿಯಲ್ಲಿ ಅಂಥದ್ದೇನಾದರೂ ಮಾಡಿಸಿದ್ದರಾ?

ಲೆಕ್ಕದಪುಟ
"ಕ್ರಿಯಾ ಯೋಜನೆ" ಅಂತ ಒಂದು ಹಾಳೆ ಬರೆಸಿದ್ದಾರೆ. ಆಮೇಲೆ ಯಾರೂ ಅದನ್ನ ತೆಗೆದು ನೋಡಿದ ಹಾಗಿಲ್ಲ.

ದೂರದ_ಕನ್ನಡಿಗ
ಆ ಹಾಳೆಗಳೇ ನಿಮ್ಮ ಬಂಡವಾಳ! ಒಬ್ಬೊಬ್ಬರಿಗೂ ಅವರವರದ್ದೇ ಹಾಳೆ ತೋರಿಸಿ, "ಇದು ಎಲ್ಲಿಗೆ ಬಂತು, ಎಲ್ಲಿ ನಿಂತುಹೋಯ್ತು, ಯಾರು ತಡೆದರು" ಅಂತ ಕೇಳಿ.

ಇನ್ನೊಂದು ವಿಷಯ. ಜಾಂಬಿಯಾದಲ್ಲಿ 2009ರ ಸುಮಾರಿಗೆ ಒಂದು ಪ್ರಯೋಗ ಆಗಿತ್ತು. 16 ಜಿಲ್ಲೆಗಳಲ್ಲಿ ಎರಡು ಬಗೆಯ ಬದಲಾವಣೆ, ಹೋಲಿಕೆಗೆ ಇನ್ನೂ 8 ಜಿಲ್ಲೆ. ಒಂದು ಬಗೆಯಲ್ಲಿ ಜಿಲ್ಲೆಗೆ ಸರಬರಾಜು ಯೋಜನೆ ನೋಡ್ಕೊಳ್ಳೋಕೆ ಒಬ್ಬ ತಿಳಿದವನನ್ನ ಕೂರಿಸಿದರು, ವ್ಯವಸ್ಥೆ ಹಳೇದೇ. ಇನ್ನೊಂದರಲ್ಲಿ ಅಂಥವನನ್ನ ಕೊಟ್ಟು, ಜೊತೆಗೆ ಜಿಲ್ಲೆಯಲ್ಲಿ ದಾಸ್ತಾನು ಇಡೋದನ್ನೇ ತೆಗೆದುಹಾಕಿದರು. ಆರೋಗ್ಯ ಕೇಂದ್ರದ ಇಂಡೆಂಟಿಗೆ ರಾಜಧಾನಿಯಲ್ಲೇ ಪೆಟ್ಟಿಗೆ ಕಟ್ಟಿ ಕಳಿಸೋದು, ಜಿಲ್ಲೆ ಬರೀ ಕೈದಾಟಿಸೋ ಜಾಗ. ಎರಡನೇ ಬಗೆ ಎದ್ದು ಕಾಣೋ ಹಾಗೆ ಗೆದ್ದಿತು. ವ್ಯವಸ್ಥೆ ಬದಲಾಗದೆ ಬರೀ ಮನುಷ್ಯನನ್ನ ತಯಾರು ಮಾಡಿದರೆ ಫಲ ಅಷ್ಟಕ್ಕಷ್ಟೇ.

ಐಸ್‌ಪ್ಯಾಕ್
ಅಂದ್ರೆ ತರಬೇತಿ ಬೇಡ್ವಾ?

ದೂರದ_ಕನ್ನಡಿಗ
ಹಾಗಂದೆನಾ? ಎರಡನೇ ಬಗೆಯಲ್ಲೂ ಮನುಷ್ಯ ಇದ್ದ ಅಂದೆನಲ್ಲ.

ತಂಜಾವೂರು_ರಸ್ತೆ
ವ್ಯವಸ್ಥೆ ಅಂದಮೇಲೆ ಪಕ್ಕದ ರಾಜ್ಯ ನೋಡಿ. ತಮಿಳುನಾಡಿನಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಕೊಳ್ಳೋ ನಿಗಮ 1994ರಲ್ಲಿ ಶುರುವಾಯ್ತು. ಒಂದೊಂದು ಆಸ್ಪತ್ರೆಗೂ ಪಾಸ್‌ಬುಕ್, ಅದರಲ್ಲಿ ವರ್ಷಕ್ಕೆ ಇಷ್ಟು ಮೊತ್ತ, ಅದರೊಳಗೆ ತನಗೆ ಬೇಕಾದ್ದನ್ನ ಎತ್ತಿಕೊಳ್ಳಬಹುದು. ಅಲ್ಲಿನ ಫಾರ್ಮಸಿಸ್ಟ್ ಬಲೂನ್ ಊದಿ ನಾಯಕ ಆಗಬೇಕಿಲ್ಲ, ಪಾಸ್‌ಬುಕ್ಕೇ ಅವನಿಗೆ ಅಧಿಕಾರ ಕೊಟ್ಟಿದೆ.

ಸಹಿ_ಮೊಹರು
ನಮ್ಮಲ್ಲೂ ಔಷಧಿ ಕೊಳ್ಳೋ ಸೊಸೈಟಿ ಹೋಗಿ ನಿಗಮ ಬಂತಲ್ಲ ಸಾರ್. ಬೋರ್ಡ್ ಬದಲಾಯ್ತು.

ತಂಜಾವೂರು_ರಸ್ತೆ
ಬೋರ್ಡ್ ಬದಲಾಯ್ತು, ಟೆಂಡರ್ ಆಗೋ ವೇಗ ಬದಲಾಗಬೇಕಲ್ಲ.

ತರ್ಕಬದ್ಧ
ಲೆಕ್ಕದಪುಟ, ಇದು ಜಗಳದ ಮಾತಾದರೂ ಗುರುತು ಹಾಕ್ಕೊಳಿ. ಟೆಂಡರ್ ತಡವಾಗಿ ಇಡೀ ರಾಜ್ಯಕ್ಕೇ ಬರದ ಔಷಧಿಗಳನ್ನ ನಿಮ್ಮ ಲೆಕ್ಕದಿಂದ ಬೇರೆ ಇಡಿ. ಜಿಲ್ಲಾ ಉಗ್ರಾಣದವನ ಕೈಲಿ ಇಲ್ಲದ್ದಕ್ಕೆ ಅವನ ನಾಯಕತ್ವ ಅಳೆಯೋದು ಅನ್ಯಾಯ. ರಾಜ್ಯದಲ್ಲಿ ಇದ್ದು ಜಿಲ್ಲೆಯಲ್ಲಿ ಇಲ್ಲದ್ದು, ಜಿಲ್ಲೆಯಲ್ಲಿ ಇದ್ದು ಪಿಎಚ್‌ಸಿಯಲ್ಲಿ ಇಲ್ಲದ್ದು, ಇವೆರಡೇ ಅವನ ಪಾಲಿಗೆ.

ಕಪಾಟಿನಕೀಲಿ
ಇಷ್ಟೊತ್ತು ಓದ್ತಾ ಇದ್ದೆ. ನಾನು ತಾಲ್ಲೂಕು ಸ್ಟೋರ್ ನೋಡ್ಕೊಳ್ಳೋಳು, ಇಂಥದ್ದೊಂದು ತರಬೇತಿಗೆ ಹೋಗಿದ್ದೋಳು. ನನಗೆ ಉಪಯೋಗ ಆಯ್ತು, ಹೇಗೆ ಅಂತ ಹೇಳ್ತೀನಿ.

ಮುಂಚೆ ಮಾಸಿಕ ಸಭೇಲಿ ನನ್ನ ಸರದಿ ಬರೋ ಹೊತ್ತಿಗೆ ಸಂಜೆ ಆಗಿರೋದು, "ಔಷಧಿ ಎಲ್ಲಾ ಸರಿ ಇದೆಯಾ? ಇದೆ ಸಾರ್" ಅಷ್ಟೇ. ತರಬೇತೀಲಿ ಒಬ್ಬ ಮೇಡಂ ಹೇಳಿದ್ದರು, ದೂರು ಹೇಳಬೇಡಿ, ಮುಂದೆ ಆಗೋದನ್ನ ಹೇಳಿ ಅಂತ. ವಾಪಸ್ ಬಂದಮೇಲೆ ಪ್ರತಿ ಶನಿವಾರ ಡಾಕ್ಟರುಗಳ ವಾಟ್ಸಾಪ್ ಗುಂಪಲ್ಲಿ ಎರಡೇ ಸಾಲು ಹಾಕೋಕೆ ಶುರು ಮಾಡಿದೆ. ತಿಂಗಳೊಳಗೆ ಮುಗಿಯೋದು ಇವು, ಮೂರು ತಿಂಗಳೊಳಗೆ ಅವಧಿ ಮೀರೋದು ಇವು. ಮೊದಮೊದಲು ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಒಬ್ಬ ಡಾಕ್ಟರು "ನಮ್ಮಲ್ಲಿ ಬಿಪಿ ಮಾತ್ರೆ ಅಮ್ಲೋಡಿಪಿನ್ ಹೆಚ್ಚಿದೆ, ತಗೊಂಡು ಹೋಗಿ" ಅಂದರು. ಈಗ ಅವರವರೇ ಅದಲು ಬದಲು ಮಾಡ್ಕೊಳ್ತಾರೆ, ನಾನು ದಾಖಲೆ ಮಾಡ್ತೀನಿ.

ಮಳೆಗಾಲದಲ್ಲಿ ಹಾವು ಕಡಿತದ ಔಷಧಿ ಹೀಗೇ ತಿರುಗಿಸಿದ್ವಿ. ಗದ್ದೆ ಕೆಲಸ ಇರೋ ಕಡೆ ಮುಗಿದಿತ್ತು, ಪೇಟೆ ಪಕ್ಕದ ಆಸ್ಪತ್ರೆಯಲ್ಲಿ ಹಾಗೇ ಕೂತಿತ್ತು. 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ್ದು ಆಗಿದೆಯಲ್ಲ, ಹಾಗಾಗಿ ಎಲ್ಲೆಲ್ಲಿ ಕೇಸು ಬರ್ತಿದೆ ಅಂತ ಪಟ್ಟಿ ಇತ್ತು. ಅದನ್ನ ಇಟ್ಕೊಂಡೇ ಹಂಚಿದ್ದು. ಪುಡಿ ರೂಪದ್ದಾದ್ದರಿಂದ ಸಾಗಿಸೋಕೂ ಫ್ರಿಜ್ ತಾಪತ್ರಯ ಇರಲಿಲ್ಲ.

ಗಂಡುಮೆಟ್ಟಿನ_ಮಂದಿ
ಅಕ್ಕಾರ, ಭಾಳ ಚಲೋ ಕೆಲಸ. ಆದ್ರ ಮ್ಯಾಲಿನವ್ರ ಆರ್ಡರ್ ಇಲ್ಲದ ಒಂದು ಆಸ್ಪತ್ರಿ ಸ್ಟಾಕ್ ಇನ್ನೊಂದಕ್ಕ ಕೊಟ್ರ ಆಡಿಟ್‌ನ್ಯಾಗ ಹಿಡೀತಾರ. ನಮ್ಮಲ್ಲಿ ಒಬ್ಬಂವಂಗ ನೋಟಿಸ್ ಕೊಟ್ಟಾರ.

ಕಪಾಟಿನಕೀಲಿ
ಆರ್ಡರ್ ತಗೊಂಡೇ ಮಾಡಿದ್ದು ಅಣ್ಣ. ತಾಲ್ಲೂಕು ಆರೋಗ್ಯಾಧಿಕಾರಿಗಳ ಹತ್ರ ಹೋಗಿ, ಇಷ್ಟು ಕೇಸು ಇಲ್ಲಿ, ಇಷ್ಟು ವಯಲ್ ಅಲ್ಲಿ ಅಂತ ಒಂದೇ ಹಾಳೇಲಿ ತೋರಿಸಿದೆ. ಸಹಿ ಹಾಕಿದರು. ಮುಂಚೆ ಆಗಿದ್ದರೆ ಅವರ ಕೋಣೆಗೆ ಹೋಗೋಕೇ ಹಿಂಜರೀತಿದ್ದೆ.

ಗಡಿನಾಡ_ವೈದ್ಯೆ
ಇದನ್ನೇ ನಾನು ಮೂರನೇ ಮೆಟ್ಟಿಲು ಅಂದದ್ದು. ಇಲ್ಲಿ ಕಾಗದ ಇದೆ ನೋಡಿ: ಶನಿವಾರದ ಮೆಸೇಜ್, ವರ್ಗಾಯಿಸಿದ ದಾಖಲೆ, ಸಹಿ ಹಾಕಿದ ಹಾಳೆ, ಎಲ್ಲಕ್ಕೂ ದಿನಾಂಕ ಇದೆ. "ನನ್ನಲ್ಲಿ ಆತ್ಮವಿಶ್ವಾಸ ಹೆಚ್ಚಿದೆ: ಹೌದು/ಇಲ್ಲ" ಅಂತ ಕೇಳೋ ಬದಲು ಇದನ್ನ ಎಣಿಸಿ. ಅವರ ಕೆಳಗಿನವರನ್ನೂ ಮೇಲಿನವರನ್ನೂ ಬೇರೆಬೇರೆಯಾಗಿ ಕೇಳಿ. ಗ್ರೂಪ್ ಡಿ ಸಿಬ್ಬಂದಿ, ಲೋಡಿಂಗ್ ಮಾಡೋರು ಹೇಳೋದು ಎಷ್ಟೋ ಸಲ ಸಾಹೇಬರು ಹೇಳಿದ್ದಕ್ಕಿಂತ ನಿಖರವಾಗಿರುತ್ತೆ.

ತರ್ಕಬದ್ಧ
ಕಪಾಟಿನಕೀಲಿ ಅವರಿಗೆ ನಮಸ್ಕಾರ, ಆದರೂ ನನ್ನ ತಕರಾರು ಬಿಡಲ್ಲ. ಯಶಸ್ವಿಯಾದವರು ಇಲ್ಲಿ ಬಂದು ಬರೀತಾರೆ, ಏನೂ ಆಗದವರು ಸುಮ್ಮನಿರ್ತಾರೆ. ವರದಿಯಲ್ಲಿ ಇಂಥ ಒಂದು ಕಥೆ ಬಾಕ್ಸ್‌ನಲ್ಲಿ ಹಾಕಿ ಫೋಟೋ ಅಂಟಿಸಿದರೆ ಅದೇ ಸಾಕ್ಷ್ಯ ಆಗಿಬಿಡುತ್ತೆ. ಪಟ್ಟಿಯಿಂದ ಲಾಟರಿ ಎತ್ತಿ ಹೆಸರು ಆರಿಸಿ.

ಮಲೆನಾಡ_ಕಂಪೌಂಡರ್
ಒಪ್ಪಿದೆ. ಜೊತೆಗೆ ಹೇಳದೇ ಹೋಗಿ. ಹೇಳಿ ಹೋದರೆ ರಂಗೋಲಿ ಹಾಕಿರ್ತಾರೆ.

ನೀಲಿಬಸ್
ಎಲ್ಲರೂ ಖಾಲಿ, ಭರ್ತಿ ಅಂತಲೇ ಮಾತಾಡ್ತಿದ್ದೀರಿ. ಗುಣಮಟ್ಟ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಐವಿ ದ್ರಾವಣದ ಮೇಲೆ ಅನುಮಾನ ಬಂದು ಅದರ ಬಳಕೆ ನಿಲ್ಲಿಸೋಕೆ ಹೇಳಿದರು. "ನಿಲ್ಲಿಸಿ" ಅಂತ ಬೆಂಗಳೂರಿಂದ ಹೊರಟ ಮಾತು ಕೊನೇ ಹಳ್ಳಿ ಆಸ್ಪತ್ರೆಯ ಹೆರಿಗೆ ಕೋಣೆಗೆ ತಲುಪೋಕೆ ಎಷ್ಟು ಗಂಟೆ ಬೇಕು? ಉಗ್ರಾಣದವರ ನಾಯಕತ್ವ ಅಳೆಯೋದಾದರೆ ಅದನ್ನ ಅಳೀರಿ.

ಬಯಲುಸೀಮೆ_ಫಾರ್ಮಸಿ
ಗುಣಮಟ್ಟ ಪರೀಕ್ಷೆ ನಮ್ಮ ಕೈಲಿಲ್ಲ ಗುರುವೇ. ಲ್ಯಾಬ್ ಬೇರೆ, ಖರೀದಿ ಬೇರೆ. ನಮ್ಮನ್ನ ಯಾಕೆ ಎಳೀತೀರಿ?

ನೀಲಿಬಸ್
ಪರೀಕ್ಷೆ ನಿಮ್ಮ ಕೈಲಿಲ್ಲ ಸರಿ. ಬ್ಯಾಚ್ ಹುಡುಕೋದು, ಬೇರೆ ಇಡೋದು, ಎಲ್ಲರಿಗೂ ತಿಳಿಸೋದು ನಿಮ್ಮ ಕೈಲೇ ಇದೆಯಲ್ಲ?

ದೂರದ_ಕನ್ನಡಿಗ
ಇದನ್ನ ಅಳೆಯೋಕೆ ಆಗುತ್ತೆ! ಔಷಧಿ ಕಂಪನಿಗಳಲ್ಲಿ ಅಣಕು ಹಿಂಪಡೆತ (ಔಷಧಿ ವಾಪಸ್ ತರಿಸೋ ಅಭ್ಯಾಸ) ಮಾಡ್ತಾರೆ. ಯಾವುದೋ ನಿರಪಾಯ ಔಷಧಿಯ, ಉದಾಹರಣೆಗೆ ಓಆರ್‌ಎಸ್‌ನ, ಒಂದು ಬ್ಯಾಚ್ ನಂಬರ್ ಆರಿಸಿ. ಬೆಳಗ್ಗೆ ಹತ್ತಕ್ಕೆ ಉಗ್ರಾಣಕ್ಕೆ ಹೇಳಿ, "ಇದು ಅಭ್ಯಾಸ, ಈ ಬ್ಯಾಚ್ ಎಲ್ಲೆಲ್ಲಿ ಎಷ್ಟೆಷ್ಟಿದೆ ಹುಡುಕಿ ಬೇರೆ ಇಡಿ." ಎಷ್ಟು ಹೊತ್ತಿಗೆ ಎಷ್ಟು ಆಸ್ಪತ್ರೆಯಿಂದ ಸರಿಯಾದ ಎಣಿಕೆ ಬಂತು ಅಂತ ಬರೆದಿಡಿ. ತರಬೇತಿ ಆದ ಜಿಲ್ಲೆ, ಎರಡನೇ ಬ್ಯಾಚಿನ ಜಿಲ್ಲೆ, ಎರಡರಲ್ಲೂ ಮಾಡಿ. ಬರೀ ಲೆಕ್ಕ ಬರೆಯೋದು ಗೊತ್ತಿದ್ದರೆ ಇಲ್ಲಿ ಸಾಲದು, ಫೋನ್ ಎತ್ತಿಸೋ ಶಕ್ತಿ ಬೇಕು.

ಸಹಿ_ಮೊಹರು
ಅಭ್ಯಾಸ ಅಂತ ದೊಡ್ಡ ಅಕ್ಷರದಲ್ಲಿ ಬರೀರಿ ಮಹರಾಯರೇ. ಇಲ್ಲಾಂದ್ರೆ ಸಂಜೆ ಟಿವಿಯಲ್ಲಿ ಬ್ರೇಕಿಂಗ್ ನ್ಯೂಸ್ ಬರುತ್ತೆ.

ಐಸ್‌ಪ್ಯಾಕ್
😂😂 ಅದೂ ಕೆಂಪು ಬಾಣ ಹಾಕಿ.

ಕಪಾಟಿನಕೀಲಿ
ಈ ಅಣಕು ನನಗೆ ಇಷ್ಟ ಆಯ್ತು. ಆದರೆ ಲಸಿಕಾ ದಿನ ಬೇಡ, ಸಿಸ್ಟರುಗಳೆಲ್ಲ ಹೊರಗೆ ಹೋಗಿರ್ತಾರೆ. ತಿಂಗಳ ಕೊನೇ ವಾರವೂ ಬೇಡ, ವರದಿ ಕಳಿಸೋ ಗಡಿಬಿಡಿ.

ಲೆಕ್ಕದಪುಟ
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೀನಿ: ಯಾರು ಅದೇ ಕುರ್ಚಿಯಲ್ಲಿದ್ದಾರೆ ಅನ್ನೋ ಪಟ್ಟಿ, ಲಾಟರಿ ಎತ್ತಿದ ಉಗ್ರಾಣಗಳಿಗೆ ಹೇಳದೇ ಭೇಟಿ, ಹತ್ತು ಔಷಧಿ ಎಣಿಸಿ ಸಾಫ್ಟ್‌ವೇರ್ ಜೊತೆ ತಾಳೆ, ಕ್ರಿಯಾ ಯೋಜನೆ ಹಾಳೆ ಹಿಡಿದು ಮಾತುಕತೆ, ಒಂದು ಅಣಕು ಹಿಂಪಡೆತ. ಹಣ ಕೊಟ್ಟವರು ಮಾತ್ರ "ಶೇಕಡಾ ಎಷ್ಟು ಸುಧಾರಣೆ" ಅಂತ ಒಂದೇ ಅಂಕಿ ಕೇಳ್ತಿದ್ದಾರೆ. ಅವರಿಗೇನು ಹೇಳಲಿ?

ತರ್ಕಬದ್ಧ
ಒಂದೇ ಅಂಕಿ ಕೊಡಬೇಡಿ. ಕೊಟ್ಟರೆ ಅದನ್ನೇ ಬ್ರೋಷರ್‌ನಲ್ಲಿ ಹಾಕ್ತಾರೆ.

ಗಡಿನಾಡ_ವೈದ್ಯೆ
ಕೊಡಲೇಬೇಕು ಅಂದ್ರೆ ಉಳಿದವರ ಶೇಕಡಾವಾರು ಕೊಡಿ. ತರಬೇತಿಗೆ ಹಾಕಿದ ದುಡ್ಡಿನಲ್ಲಿ ಎಷ್ಟು ವರ್ಗಾವಣೆ ಜೊತೆ ಹೊರಟುಹೋಯ್ತು ಅಂತ ಅವರಿಗೂ ಗೊತ್ತಾಗಲಿ.

ಗಂಡುಮೆಟ್ಟಿನ_ಮಂದಿ
ಹೇಳದ ಬರೋದಾದ್ರ ನಮ್ಮ ಜಿಲ್ಲಾಕ್ಕೂ ಬರ್ರಿ. ನಾನಂತೂ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಊಟಕ್ಕ ಮಾತ್ರ ಮೊದ್ಲ ಫೋನ್ ಹಚ್ರಿ, ಜ್ವಾಳದ ರೊಟ್ಟಿ ಮಾಡಸ್ತೇನಿ.